ನೆನೆಹಾಕಿದ ಬಾದಾಮಿ

ಡಾಕ್ಟರು ಚೀಟಿಯ ಹಿಂಬದಿಗೆ ಬರೆದು ತೋರಿಸಿದರು:
ತಲೆಯೊಳಗೆ, ಕಿವಿಯ ನೇರಕ್ಕೆ,
ಈ ಕಡೆಗೊಂದು ಆ ಕಡೆಗೊಂದು
ಬಾದಾಮಿಯಷ್ಟೇ ಇರುವ ಗಂಟು.
‘ಹೆದರಿಕೆ ಮೊದಲು ಇಳಿಯೋ ಸ್ಟಾಪು ಇದೇ’ ಅಂದರು,
ನಾನು ಬಸ್ ಡ್ರೈವರು ಅಂತ ಗೊತ್ತಾಗಿ.
ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದಿದ್ದೇನೆ,
ಇಂಥ ಸ್ಟಾಪನ್ನು ಯಾವ ಬೋರ್ಡಿನಲ್ಲೂ ಓದಿರಲಿಲ್ಲ.

ಆ ಹುಡುಗ ಬದುಕಿದ. ಮೊದಲು ಅದನ್ನು ಹೇಳಬೇಕು.
ಡೇರಿ ಸರ್ಕಲ್ಲಿನ ತಿರುವಿನಲ್ಲಿ ಸ್ಕೂಟರ್ ಜಾರಿ
ಮುಂದಿನ ಚಕ್ರಕ್ಕೂ ಅವನಿಗೂ ಒಂದು ಗೇಣು ಇರುವಾಗ
ಬಸ್ಸು ನಿಂತಿತು.
ಅವನೆದ್ದ, ಮೊಣಕೈ ಒರೆಸಿಕೊಂಡ,
ನನ್ನನ್ನೇ ಬೈದು ಹೋದ.
ಬಸ್ಸು ನಿಂತಿತು. ನಾನು ನಿಲ್ಲಲಿಲ್ಲ.

ಆಮೇಲೆ ಮೂರು ತಿಂಗಳು
ಕುಕ್ಕರ್ ಕೂಗಿದರೆ ಬಲಗಾಲು ಬ್ರೇಕ್ ಒತ್ತುತ್ತಿತ್ತು,
ಅಡುಗೆಮನೆಯ ಬರಿ ನೆಲದ ಮೇಲೆ.
ನಿದ್ದೆಯಲ್ಲೂ ಒತ್ತುತ್ತಿತ್ತು;
ಒದೆ ತಿಂದು ತಿಂದು ವನಜಾಕ್ಷಿ ಚಾಪೆ ಬೇರೆ ಹಾಸಿಕೊಂಡಳು.
ಬಾನೆಟ್ ತಾಗಿ ಸುಟ್ಟಿದ್ದ ಮಣಿಕಟ್ಟು
ವಾರದಲ್ಲಿ ಮಾಯಬೇಕಾದ್ದು ಒಂದೂವರೆ ತಿಂಗಳು ಹಸಿಹಸಿ.
‘ಮೈಯೆಲ್ಲ ಕಾವಲಿಗೆ ನಿಂತರೆ
ರಿಪೇರಿಗೆ ಆಳು ಸಿಗಲ್ಲ ಕಣ್ರೀ’ ಅಂದರು ಡಾಕ್ಟರು.
‘ನಮ್ಮ ಡಿಪೋದಲ್ಲೂ ಅಷ್ಟೇ ಸಾರ್’ ಅಂದೆ.
ನಕ್ಕರು. ಆ ನಗುವಿಗೇ ಅರ್ಧ ವಾಸಿಯಾಯಿತು
ಅಂದರೆ ಸುಳ್ಳಾದೀತು.

ಆ ಬಾದಾಮಿ ಕ್ಯಾಲೆಂಡರ್ ಓದುವುದಿಲ್ಲ.
ಹೋದ ಆಷಾಢದ ಮಂಗಳವಾರ ಅದಕ್ಕಿನ್ನೂ ಈಗಲೇ.
ಬುದ್ಧಿಯ ಮಾತು ಅದನ್ನು ಮುಟ್ಟುವುದು
ಸಿಲ್ಕ್ ಬೋರ್ಡ್ ದಾಟಿ ಬರುವ ಬಸ್ಸಿನ ಹಾಗೆ:
ಬರುತ್ತದೆ, ಎಲ್ಲ ಮುಗಿದ ಮೇಲೆ.
ಸಂಜೆಯಾದರೆ ಸಾಕು, ಕೇಳುತ್ತಿತ್ತು
ವಿಲ್ಸನ್ ಗಾರ್ಡನ್ನಿನ ಮೂಲೆ ಅಂಗಡಿಯ
ನಿಂತು ಕುಡಿಯುವ ತೊಂಬತ್ತು.
ತೊಂಬತ್ತು ನೂರೆಂಬತ್ತಾಯಿತು. ಕಾಲು ತಾನಾಗಿ ಅತ್ತ ತಿರುಗುತ್ತಿತ್ತು,
ಯಾರೋ ರೂಟ್ ಬರೆದುಕೊಟ್ಟಂತೆ.

ಕೆಂಪಾಜಮ್ಮ ನನ್ನ ಕಂಡಕ್ಟರು.
ಸೀಟಿಯೇ ಬೇಡ, ಅಂಥ ಗಂಟಲು.
ಒಂದು ಮಧ್ಯಾಹ್ನ ಆಟೋ ಹಾರ್ನಿಗೆ ನನ್ನ ಕೈ ನಡುಗಿದ್ದನ್ನು ಕಂಡು
ಮುಂದೆ ಬಂದು, ಮಗುವಿಗೆ ಹೇಳುವಷ್ಟು ಮೆಲ್ಲಗೆ ಅಂದಳು,
‘ಹೋಲ್ಡಾನ್ ಅಣ್ಣಾ. ಹೋಲ್ಡಾನ್.’
ಅಲ್ಲಿ ಸ್ಟಾಪಿರಲಿಲ್ಲ. ಇಳಿಯುವವರೂ ಇರಲಿಲ್ಲ.
ಉಸಿರೊಂದು ಇಳಿಯಿತು.

ಈಗ ನಾನೇ ಹೇಳಿಕೊಳ್ಳುತ್ತೇನೆ, ಸಿಗ್ನಲ್ಲಿನಲ್ಲಿ:
ಹೋಲ್ಡಾನ್. ನಾಲ್ಕೆಣಿಸಿ ಒಳಕ್ಕೆ, ಆರೆಣಿಸಿ ಹೊರಕ್ಕೆ.
ಎರಡನೇ ಪಾಳಿಯ ದಿನ ಲಾಲ್‌ಬಾಗಿನ ಬಂಡೆ ಹತ್ತುತ್ತೇನೆ.
ಎಷ್ಟೋ ಕಾಲದಿಂದ ಕೂತೇ ಇರುವ ಕಲ್ಲು,
ಅದರ ಪಕ್ಕ ಕೂತರೆ ನಾಡಿಗೆ ನಾಚಿಕೆಯಾಗುತ್ತದೆ.
ಮೂಲೆ ಅಂಗಡಿಯ ಮುಂದೆ ಎರಡು ಸಲ ಸೋತಿದ್ದೇನೆ.
ಅದನ್ನೂ ಡಾಕ್ಟರಿಗೆ ಹೇಳಿದ್ದೇನೆ.

ರಾತ್ರಿ, ಅವ್ವ ಮಾಡುತ್ತಿದ್ದಂತೆ,
ಲೋಟದಲ್ಲಿ ಐದು ಬಾದಾಮಿ ನೆನೆಹಾಕುತ್ತೇನೆ.
ಒಣಗಿದ್ದನ್ನು ಕೆರೆದರೆ ಉಗುರು ಸೀಳೀತು, ಸಿಪ್ಪೆ ಬಿಡದು.
ಬೆಳಿಗ್ಗೆ ಎರಡು ಬೆರಳ ನಡುವೆ ಒತ್ತಿದರೆ
ಪುಳಕ್ಕನೆ ಹೊರಗೆ ಬರುತ್ತದೆ, ಬೆಳ್ಳಗೆ,
ಕಂದು ಅಂಗಿಯನ್ನು ನನ್ನ ಕೈಲೇ ಬಿಟ್ಟು.
ಒಂದೊಂದು ಮಾತ್ರ ಹಟ ಹಿಡಿಯುತ್ತದೆ.
ಅದನ್ನು ಬೈಯುವುದಿಲ್ಲ. ಮತ್ತೆ ನೀರಿಗೆ.

ನಿನ್ನೆ ಅದೇ ತಿರುವು. ಸ್ಕೂಟರೊಂದು ಅಡ್ಡ ಬಂತು.
ಕಾಲು ಬ್ರೇಕಿಗೆ ಹೋಯಿತು, ಹೋಗಬೇಕಾದಷ್ಟೇ,
ಆಮೇಲೆ ಎದ್ದು ಬಂತು.
ಮಣಿಕಟ್ಟಿನ ಹೊಸ ಚರ್ಮ ಬಿಸಿಲಿಗೆ ಮಿರುಗಿತು.
ಹಿಂದೆ ಕೆಂಪಾಜಮ್ಮ ತಗಡು ಬಡಿದಳು:
‘ರೈಟ್, ರೈಟ್!’