ಉಪ್ಪಿನ ಸಾಕ್ಷಿ

ಸುಂಟಿಕೊಪ್ಪದಲ್ಲಿ ಪೆಮ್ಮಯ್ಯ ಮಾವನ ಪಂಪ್‌ಸೆಟ್ ಅಂಗಡಿ,
ಅದರ ತಾರಸಿಯ ಮೇಲೆ, ತುಕ್ಕು ಹಿಡಿದ ಮೋಟಾರುಗಳ ನಡುವೆ
ಮೂರು ಕಾಲಿನ ದೂರದರ್ಶಕ ನಿಲ್ಲಿಸಿದ್ದೇನೆ.
ಜನವರಿ. ಗಂಟೆ ಒಂಬತ್ತು ಹತ್ತು.
ಮಡಿಕೇರಿಯ ಕೊನೆಯ ಬಸ್ಸು ದೀಪ ತಿರುಗಿಸಿ ಹೋಯಿತು,
ಕತ್ತಲು ಮತ್ತೆ ಬಂದು ತನ್ನ ಜಾಗದಲ್ಲಿ ಕೂತಿತು.

"ನೋಡಿ ಮಾವ. ನಡುವೆ ಗುರು. ಪಕ್ಕಕ್ಕೆ ಸಾಲಾಗಿ ನಾಲ್ಕು ಚುಕ್ಕಿ."
ಪೈಪಿನೊಳಗೆ ಎಲ್ಲಿ ಕಟ್ಟಿದೆಯೆಂದು ಹುಡುಕುವವರ ಹಾಗೆ
ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು.
"ಮೂರೇ ಇವೆ."
ನೋಡಿದೆ. ಮೂರೇ.
ಒಳಗಿನದು ಗುರುವಿನ ನೆರಳಿಗೆ ಸರಿದಿತ್ತು.
"ಇದರಲ್ಲಿ ನಿನ್ನದು ಯಾವುದು?"

ನನ್ನದು ಯುರೋಪಾ. ನನ್ನದೆಂದರೆ,
ನಾಲ್ಕು ವರ್ಷದಿಂದ ಅದರ ಅಂಕಿಗಳ ಜೊತೆ ಸಂಸಾರ.
ಗುರುಬಲ ಬಂತೇ ಎಂದು ಅತ್ತೆ ಕೇಳಿದಾಗಲೆಲ್ಲ
ಬಂದಿದೆ, ಹತ್ತು ಡಿಗ್ರಿ ವಾಲಿದೆ ಎನ್ನುತ್ತೇನೆ.

ವಾಲಿದ ಆ ಕಾಂತಬಲ ಹನ್ನೊಂದು ಗಂಟೆಗೊಂದು ಸಲ
ಯುರೋಪಾದ ಮೇಲೆ ಹೊರಳುತ್ತದೆ.
ಬರಿಯ ಮಂಜುಗಡ್ಡೆ, ಬರಿಯ ಕಲ್ಲಾಗಿದ್ದರೆ
ಅದು ಸುಮ್ಮನಿರಬೇಕಿತ್ತು.
ಸುಮ್ಮನಿಲ್ಲ.
ಒಳಗಿನಿಂದ ಏನೋ ಎದುರು ಮಗ್ಗುಲಾಗುತ್ತದೆ
ಕಂಬಳಿಯಡಿ ನಿದ್ದೆ ಬಾರದವರ ಹಾಗೆ.
ಉಪ್ಪುನೀರೇ ಇರಬೇಕು. ಹತ್ತಾರು ಮೈಲಿ ಆಳ.
ಯಾರೂ ಕಂಡಿಲ್ಲ.
ಹಾದುಹೋದ ನೌಕೆಯೊಂದರ ಸೂಜಿ ನಡುಗಿದ್ದೇ ಸಾಕ್ಷಿ
(ಸೂಜಿ ಅಂದದ್ದು ಮಾವನಿಗಾಗಿ. ಸೂಜಿಯಲ್ಲ.)
ಆ ನೌಕೆಯನ್ನೂ ಕೊನೆಗೆ ಗುರುವಿನೊಳಕ್ಕೇ ನೂಕಿ ಸುಟ್ಟರು,
ಭೂಮಿಯ ಕ್ರಿಮಿಯೊಂದು ಆ ನೀರಿಗೆ ಬೀಳಬಾರದೆಂದು.

"ಹಾಗಾದರೆ ನನ್ನ ತೆಂಗಿನಕಾಯಿಯೇ ಆಯಿತಲ್ಲ!"
ಮೂವತ್ತು ವರ್ಷ ಅಂಗೈ ಮೇಲೆ ಕಾಯಿ ಮಲಗಿಸಿಕೊಂಡು
ಹಾರಂಗಿಯಿಂದ ಮಾದಾಪುರದವರೆಗೆ ನೀರು ತೋರಿಸಿದವರು.
ಜುಟ್ಟು ಎದ್ದು ನಿಂತಲ್ಲಿ ಗುದ್ದಲಿ.
ಅಲ್ಲ ಎನ್ನಲು ಬಾಯಿ ತೆರೆದೆ, ಅವರೇ ಅಂದರು:
"ಸುಳ್ಳು ಬಿಡು. ಈ ಮಣ್ಣಲ್ಲಿ ಕಣ್ಣುಮುಚ್ಚಿ ಎಲ್ಲಿ ತೋಡಿದರೂ ನೀರು.
ಕಾಯಿಗೆ ಹೆಸರು ಬಂತು, ನನಗೆ ಐನೂರು ರೂಪಾಯಿ."

ನಕ್ಕೆವು. ಆಮೇಲೆ ನಗಲಿಲ್ಲ.

ಆ ಆಗಸ್ಟಿನಲ್ಲಿ, ಗುಡ್ಡ ಜಾರುವ ಹಿಂದಿನ ಸಂಜೆ
ಮುದ್ದಪ್ಪನ ತೋಟದಲ್ಲಿ ಮೋಟಾರು ಬಿಚ್ಚುತ್ತಿದ್ದರಂತೆ.
ಬಾವಿ ಕೆಂಪಾಗಿತ್ತು. ಕಾಫಿ ಗಿಡಗಳ ಬುಡದಲ್ಲಿ
ಬೆರಳು ತೂರುವಷ್ಟು ಬಿರುಕು.
ಕಿವಿಯಿಟ್ಟರೆ ಒಳಗೆ ನೀರು ನಡೆಯುವ ಸದ್ದು.
"ಕೇಳಿಸಿತು. ಏನೆಂದು ಗೊತ್ತಾಗಲಿಲ್ಲ.
ಸ್ಪ್ಯಾನರು ಒರೆಸಿಕೊಂಡು ಮನೆಗೆ ಬಂದೆ."
ಅಂದಿನಿಂದ ಕಾಯಿ ಅಡುಗೆಗೆ ಮಾತ್ರ.

"ನಿನ್ನದಕ್ಕೂ ಬಿರುಕಿದೆಯಾ?"
ಇದೆ, ಮೈತುಂಬ, ಕೆಂಗಂದು.
ಮೂರೂವರೆ ದಿನಕ್ಕೊಂದು ಸುತ್ತು; ಪ್ರತಿ ಸುತ್ತಿಗೂ
ಗುರು ಅದನ್ನು ಎಳೆಯುತ್ತಾನೆ, ಬಿಡುತ್ತಾನೆ,
ಕಡಂಬುಟ್ಟಿನ ಉಂಡೆಯನ್ನು ಅಂಗೈ ಹಿಸುಕುವ ಹಾಗೆ.
ಹಿಸುಕಿದ ಬಿಸಿಗೇ ಒಳಗಿನ ನೀರು ಹೆಪ್ಪುಗಟ್ಟಿಲ್ಲ.
"ಹಾಗಾದರೆ ಒಂದು ದಿನ ಜಾರುತ್ತದೆ," ಎಂದರು.
"ಯಾವತ್ತು ಅಂತ ನಿನ್ನ ಲೆಕ್ಕ ಹೇಳುತ್ತದಾ?"
ಹೇಳುವುದಿಲ್ಲ.
ಅಲ್ಲಿ ಯಾರ ಮನೆಯೂ ಇಲ್ಲ ಮಾವ, ಎನ್ನಬಹುದಿತ್ತು.
ಅದೂ ಗೊತ್ತಿಲ್ಲವಲ್ಲ.

ಹೊಸ ನೌಕೆ ದಾರಿಯಲ್ಲಿದೆ. ಇನ್ನು ನಾಲ್ಕೈದು ವರ್ಷ.
ಎಪ್ಪತ್ತೊಂಬತ್ತಕ್ಕೆ ಕೂಡಿಸುತ್ತ ಬೆರಳು ಮಡಿಚಿದರು,
ಅರ್ಧಕ್ಕೆ ಬಿಟ್ಟು ಬೀಡಿ ಹುಡುಕಿದರು.

ಅಷ್ಟರಲ್ಲಿ ಹಾರಂಗಿ ಕಡೆಯಿಂದ ಮಂಜು.
ನಮ್ಮೂರ ಮಂಜು ಗಡ್ಡೆಯಾಗುವುದಿಲ್ಲ,
ಬಂದು ಒಂದೊಂದೇ ಚುಕ್ಕಿ ಒರೆಸುತ್ತದೆ.
ಮಾವ ಮಸೂರದ ಮೇಲೆ ಪಂಪಿನ ಪ್ಲಾಸ್ಟಿಕ್ ಹೊದಿಸಿದರು.
ಪುಸ್ತಕದಲ್ಲಿ ಬರೆದೆ:
೯.೪೮. ಉಪಗ್ರಹ ಮೂರು. ಒಂದು ನೆರಳಿನಲ್ಲಿ. ನಂತರ ಮಂಜು.

ಟಾರ್ಚು ಹಿಡಿದು ಇಣುಕಿ ಓದಿದರು.
"ಪಕ್ಕದಲ್ಲಿ ಒಂದು ಗೆರೆ ಎಳೆ," ಎಂದರು,
"ಕೇಳಿಸಿದ್ದಕ್ಕೂ ಜಾಗ ಇರಲಿ."