ನಾಲ್ಕನೇ ಮೆಟ್ಟಿಲು

ಗೇಣಿಗೂ ಗಿಡ್ಡ ನನ್ನ ಗೂಡ್ಸ್ ಡಬ್ಬಿ.
ನಿಜದ್ದು ನಲವತ್ತಡಿ; ಇದು ಎಂಬತ್ತೇಳರಲ್ಲೊಂದು ಪಾಲು.
ನಂಬರು ನಾಲ್ಕು ಒಂದು ಮೂರು ಎಂಟು ಏಳು,
ಬಿಳಿ ಅಕ್ಷರ, ಬಾಗಿಲ ಎಡಕ್ಕೆ.
ಚಳಿಗಾಲ ಪೂರ್ತಿ ಇದಕ್ಕೇ ಹೋಯಿತು.

ಕೃತಕ ಹಲ್ಲು ಕಟ್ಟುವುದು ನನ್ನ ಕಸುಬು.
ಟೂ ಹಾರ್ಬರ್ಸ್ ಊರಿನ ಅರ್ಧ ಮುದುಕರು
ನಾನು ಕೂರಿಸಿದ ಹಲ್ಲಲ್ಲೇ ಮೀನು ತಿನ್ನುತ್ತಾರೆ.
ಕೂದಲೆಳೆಯ ವ್ಯತ್ಯಾಸ ನನಗೇನು ಹೊಸದೇ
ಎಂದುಕೊಂಡಿದ್ದೆ,
ಮಂಗಳವಾರ ಓರ್ವಲ್ ಟ್ವೆಟ್ ನೆಲಮಾಳಿಗೆಗೆ ಇಳಿದು ಬರುವ ತನಕ.

ವಯಸ್ಸು ಎಂಬತ್ತೆಂಟು. ಮೂವತ್ತೊಂಬತ್ತು ವರ್ಷ ಯಾರ್ಡಿನಲ್ಲಿ
ಡಬ್ಬಿಗಳ ಹೊಟ್ಟೆಯಡಿ ತೂರಿ, ಸುತ್ತಿಗೆಯಲ್ಲಿ ತಟ್ಟಿ,
ಸದ್ದಿನಲ್ಲೇ ಬಿರುಕು ಹಿಡಿದವನು.
ಕೋಟು ಬಿಚ್ಚಲಿಲ್ಲ. ಬೂಟಿನ ಹಿಮ ಕೊಡವಲಿಲ್ಲ.
"ಎಲ್ಲಿ, ಫೋಟೋ ತೆಗಿ" ಅಂದ.

ಇರುವುದೇ ಒಂದು ಫೋಟೋ: ಅರವತ್ತೆರಡನೇ ಇಸವಿ,
ಅದಿರಿನ ಧಕ್ಕೆಯ ಹಿಂದೆ, ಬಿಸಿಲು ಓರೆ.
ಭೂತಗನ್ನಡಿ ಅದರ ಮೇಲೆ, ಆಮೇಲೆ ನನ್ನ ಡಬ್ಬಿಯ ಮೇಲೆ,
ಮತ್ತೆ ಅದರ ಮೇಲೆ.
ರಿವೆಟ್ ಎಣಿಸಿದ. ತುಟಿ ಮಾತ್ರ ಅಲುಗುತ್ತಿತ್ತು,
ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ.
ಬಾಗಿಲ ಕೊಂಡಿ ಸರಿ. ಬ್ರೇಕಿನ ಚಕ್ರ ಸರಿ.
ಚಾವಣಿಯ ಮಡಿಕೆ ಹನ್ನೊಂದು, ಸರಿ.
"ಏಣಿ ತಪ್ಪು."

ನಕ್ಷೆ ಬಿಡಿಸಿ ಮುಂದಿಟ್ಟೆ.
ಏಳು ಮೆಟ್ಟಿಲು, ಏಳೂ ನೆಟ್ಟಗೆ,
ಕಂಪನಿಯ ಮೊಹರು ಕೂಡ ಇದೆ ನೋಡು.
"ನಕ್ಷೆಗೆ ಚಳಿಯಾಗುವುದಿಲ್ಲ" ಅಂದ.
"ಕೆಳಗಿನಿಂದ ನಾಲ್ಕನೆಯದು ನೋಡು."

ಬಗ್ಗಿತ್ತು. ನಾನು ನೆರಳೆಂದು ಬಿಟ್ಟಿದ್ದೆ.

"ಜನವರಿ. ಸರೋವರ ದಡದಿಂದ ಅರ್ಧ ಮೈಲಿ ಹೆಪ್ಪುಗಟ್ಟಿತ್ತು.
ಏಣಿ ತುಂಬ ಮಂಜುಗಡ್ಡೆ. ಒಡೆ ಅಂದರು, ಒಡೆದೆ.
ಒಂದೇಟು ಕಬ್ಬಿಣಕ್ಕೆ ಬಿತ್ತು.
ಪುಸ್ತಕದಲ್ಲಿ 'ಸರಿಯಿದೆ' ಅಂತ ಬರೆದೆ,
ಬೆರಳು ಸೆಟೆದಿತ್ತು, ಬೇರೇನು ಬರೆಯಲಿ?
ಗಾಡಿ ಹೊರಟುಹೋಯಿತು."

ಎಷ್ಟು ಜನರ ಬೂಟು ಅಲ್ಲಿ ಜಾರಿತೋ,
ಜಾರಲೇ ಇಲ್ಲವೋ,
ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.
ಬಾಯ್ಲರು ಗೊರಗೊರ ಅಂದು ನಿಂತಿತು.

ಹಲ್ಲಿನ ಇಕ್ಕಳ ತೆಗೆದುಕೊಂಡೆ.
ಒಳಕ್ಕೋ ಹೊರಕ್ಕೋ? ಫೋಟೋದಲ್ಲಿ ತಿಳಿಯದು.
ಓರ್ವಲ್ ಎದ್ದು ನಿಂತ. ಕಣ್ಣು ಮುಚ್ಚಿ,
ಇಲ್ಲದ ಸುತ್ತಿಗೆಯನ್ನು ಎರಡೂ ಕೈಯಲ್ಲಿ ಹಿಡಿದು
ಎಡಭುಜದ ಮೇಲಿಂದ ಒಂದು ಸಲ ಬೀಸಿದ.
ತಡೆದು, ಮತ್ತೊಂದು ಸಲ.
"ಒಳಕ್ಕೆ. ಬಲತುದಿ ಸ್ವಲ್ಪ ಕೆಳಕ್ಕೆ."

ಮೂರು ಕೂದಲ ದಪ್ಪದ ತಂತಿ.
ಉಸಿರು ಬಿಗಿಹಿಡಿದು ಬಗ್ಗಿಸಿದೆ.
"ಇನ್ನೂ" ಅಂದ.
"ಇನ್ನೂ."
"ಸಾಕು, ಸಾಕು, ಮುರಿದೀಯ."

ಹಳಿ ಮೇಲಿಟ್ಟು ಎಂಜಿನ್ನಿನ ಹಿಂದೆ ಕೊಕ್ಕೆ ಹಾಕಿದೆ.
ಒಂದು ಸುತ್ತು ಬಂತು. ಎರಡನೇ ಸುತ್ತಿಗೆ
ಭೂತಗನ್ನಡಿ ಜೇಬಿಗಿಳಿಸಿ, ಟೋಪಿ ಹುಡುಕುತ್ತಾ,
"ಬಣ್ಣ ಮಾತ್ರ ಜಾಸ್ತಿ ಕೆಂಪು" ಅಂದ,
"ನಮ್ಮದು ಇಷ್ಟು ಕೆಂಪಿರಲಿಲ್ಲ.
ಬರುವ ಮಂಗಳವಾರ ನೋಡೋಣ."