ನೆರಳು ಹಲಗೆ

ಗ್ರಿಮ್ಸ್‌ಬಿ ಬಂದರಿನ ಪಕ್ಕ, ಹಿಂದೆ ಮೀನಿನ ಗೋದಾಮಾಗಿದ್ದ ಕಟ್ಟಡ.
ಹನ್ನೊಂದು ಜನ ಹುಡುಗರು, ಒಬ್ಬಳು ಹುಡುಗಿ.
ನಾನು ಒಳಬಂದಾಗ ಯಾರೂ ಏಳಲಿಲ್ಲ.
ಒಬ್ಬ ಚಿಪ್ಸ್ ತಿನ್ನುತ್ತಿದ್ದ. ತಿನ್ನುತ್ತಲೇ ಇದ್ದ.
ಇಪ್ಪತ್ತೆರಡು ವರ್ಷದ ವಾಯುಪಡೆಯ ಗಂಟಲು
ಒಂದು ಗದರಿಕೆ ಹುರಿಗೊಳಿಸಿ, ನುಂಗಿ,
ಗುಡ್ ಮಾರ್ನಿಂಗ್ ಎಂದಿತು.

ಹೆಸರು ಕೇಳಿದರು. ಬ್ಲೆಂಕಿನ್, ಎಂದೆ.
ಅದು ಮನೆತನದ್ದು, ನಿಮ್ಮದು?
ಅರೆಗಳಿಗೆ ತಡಕಾಡಬೇಕಾಯಿತು.
ರಸೆಲ್.
ಅಮ್ಮ ಹೋದ ಮೇಲೆ ಅದು ಬಳಕೆಯಲ್ಲಿರಲಿಲ್ಲ.

ಮೊದಲ ದಿನವೇ ಗೋಡೆಗೆ ಹಲಗೆ ತೂಗುಹಾಕಿದೆ:
ಹಳದಿಯ ಮೇಲೆ ಕಪ್ಪು ನೆರಳುಗಳು,
ಪ್ರತಿ ಸ್ಪ್ಯಾನರಿಗೂ ಅದರದೇ ಮೈಯಳತೆ.
ಸಂಜೆ ನಾಲ್ಕಕ್ಕೆ ಒಂದು ನೆರಳು ಖಾಲಿ ಕಂಡರೂ
ಯಾರೂ ಮನೆಗೆ ಹೋಗುವಂತಿಲ್ಲ.

ಯಾಕೆ? ಎಂದಳು ಔಶ್ರಿನೆ.

ಯಾಕೆ.
ಆ ಮಾತು ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಯಾರನ್ನೂ.
ಉತ್ತರವೇನೋ ಇತ್ತು:
ಬೆರಳುದ್ದದ ಒಂದು ಸ್ಕ್ರೂಡ್ರೈವರಿಗಾಗಿ
ಮರಳುಗಾಡಿನಲ್ಲಿ ಮೂವತ್ತು ಗಂಟೆ,
ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಇಡೀ ವಿಮಾನ ಬಿಚ್ಚಿದ್ದು.
ಕೊನೆಗೆ ಸಿಕ್ಕಿದ್ದು ಕಿರಿಯನೊಬ್ಬನ ಜೇಬಿನಲ್ಲಿ.
ಆಮೇಲೆ ನಾನು ಅವನಿಗೆ ಅಂದದ್ದು —
ಅದನ್ನು ಹೇಳಲಿಲ್ಲ.
ನೂರು ಮೀಟರ್ ಮೇಲಿಂದ ಸ್ಪ್ಯಾನರ್ ಬಿದ್ದರೆ
ಕೆಳಗಿದ್ದವನ ಹೆಲ್ಮೆಟ್ ಮೊಟ್ಟೆಯ ಚಿಪ್ಪು, ಎಂದೆ.
ಅದೂ ನಿಜವೇ.

ಟಾರ್ಕ್ ವ್ರೆಂಚ್ ಮಾತ್ರ ಬದಲಾಗಿಲ್ಲ.
ಹಿಡಿಯ ತುದಿಗೆ ಕೈ. ಜಗ್ಗಬೇಡ, ಒಲಿಸು.
ಕ್ಲಿಕ್ ಅಂದೊಡನೆ ಬಿಡು, ಇನ್ನೊಂದು ಕ್ಲಿಕ್ ದುರಾಸೆ.
ಬಾಂಬು ತೂಗಿದ ಕೊಕ್ಕೆಗೂ ಇದೇ ಸದ್ದಿತ್ತು,
ಸಮುದ್ರದ ಗಾಳಿಯಂತ್ರದ ರೆಕ್ಕೆಗೂ ಇದೇ.
ಬೋಲ್ಟಿಗೇನು ಗೊತ್ತು, ತಾನು ಹೊತ್ತದ್ದು ಯಾವ ಭಾರವೆಂದು.
ನನಗೆ ಗೊತ್ತಿತ್ತು. ಅಂಕಿ ಓದಿ ಸಹಿ ಹಾಕುತ್ತಿದ್ದೆ.
ವಿಮಾನ ಹಗುರಾಗಿ ಮರಳಿದರೆ
ಕೆಲಸ ಚೆನ್ನಾಗಿ ಆಯಿತೆಂದು ಚಹಾ ಕುಡಿಯುತ್ತಿದ್ದೆವು.

ನವೆಂಬರಿನ ಒಂದು ಸಂಜೆ
ಹತ್ತೊಂಬತ್ತರ ಸಾಕೆಟ್ ಇಲ್ಲ.
ನಾಲ್ಕು. ನಾಲ್ಕೂವರೆ. ಚಿಪ್ಸ್ ಹುಡುಗನ ಬಸ್ಸು ತಪ್ಪಿತು.
ಗೊಣಗುತ್ತಾರೆ ಎಂದುಕೊಂಡೆ. ಹನ್ನೆರಡೂ ಜನ
ಮಂಡಿಯೂರಿ ಬೆಂಚುಗಳ ಕೆಳಗೆ ತಡವುತ್ತಿದ್ದರು,
ಹಳೇ ಮೀನಿನ ವಾಸನೆ ಇನ್ನೂ ಬಿಡದ ಆ ನೆಲದಲ್ಲಿ.

ಐದಕ್ಕೆ ಸಿಕ್ಕಿತು.
ನನ್ನದೇ ಕೋಟಿನ ಜೇಬಿನಲ್ಲಿ.

ಔಶ್ರಿನೆ ನಕ್ಕಳು. ಆಮೇಲೆ ಎಲ್ಲರೂ.
ನಾನು ನಿಂತೇ ಇದ್ದೆ, ಹಿಮ್ಮಡಿ ಜೋಡಿಸಿ,
ಹೆಬ್ಬೆರಳು ಪ್ಯಾಂಟಿನ ಹೊಲಿಗೆಗೆ ಒತ್ತಿ,
ಬರಬೇಕಾದದ್ದಕ್ಕೆ ಕಾಯುತ್ತ.

ಕೂತ್ಕೊಳ್ಳಿ ರಸೆಲ್, ಅಂದ ಆ ಹುಡುಗ,
ಪೊಟ್ಟಣ ನನ್ನತ್ತ ಚಾಚಿ.
ಸಾಕೆಟ್ಟನ್ನು ಅದರ ನೆರಳಿಗೆ ಒಪ್ಪಿಸಿ ಬಂದು
ಒಂದು ತಗೊಂಡೆ. ಉಪ್ಪು ಜಾಸ್ತಿ.